ಪಿಳ್ಳಪ್ಪನ ಟೆಂಟಿನಲ್ಲಿ ಎರಡನೇ ಭಾಗ

ಆರೋಗ್ಯ ಶಿಕ್ಷಣದ ಕೆಲಸಕ್ಕೆ ಹೊಸದಾಗಿ ಸೇರಿದವರ ಮುಂದೆ ಮಾತಾಡಲು ನನ್ನನ್ನು ಆಗಾಗ ಕರೆಯುತ್ತಾರೆ. ನಿವೃತ್ತನಿಗೆ ಒಂದು ಶಾಲು, ಒಂದು ಗಂಟೆ. ಆ ಗಂಟೆಯಲ್ಲಿ ನಾನು ತಪ್ಪದೆ ಹೇಳುತ್ತಿದ್ದ ಕಥೆಯೊಂದಿದೆ. ಎಂಬತ್ತರ ದಶಕದ ಕೊನೆಯಲ್ಲಿ ಹೊಸಕೋಟೆ ತಾಲ್ಲೂಕಿನ ಒಂದು ಊರಿನ ಟೆಂಟಿಗೆ ರಕ್ತ ಹೀರುವ ಪಿಶಾಚಿಯ ಇಂಗ್ಲಿಷ್ ಸಿನಿಮಾ ಬಂತು. ಅದನ್ನು ನೋಡಿದ ಜನ ಹೆದರಿ ಮಲೇರಿಯಾ ಪರೀಕ್ಷೆಗೆ ಬೆರಳು ಕೊಡುವುದನ್ನೇ ನಿಲ್ಲಿಸಿದರು. ಇಷ್ಟು ಹೇಳಿದರೆ ಸಾಕು, ಕೋಣೆ ನಗುತ್ತದೆ. ನಗು ಇಳಿಯುವಾಗ ನಾನು ಮೂಢನಂಬಿಕೆ ಎಂಬ ಪದ ತಂದು ಪಾಠಕ್ಕೆ ಬರುತ್ತಿದ್ದೆ.

ಹೋದ ವರ್ಷವೂ ಹೇಳಿದೆ. ನಗು ಹೆಚ್ಚಲಿ ಎಂದು ಒಂದು ವಿವರ ಸೇರಿಸಿದೆ. ಆ ಪ್ರಿಂಟು ಎಷ್ಟು ಹಳೆಯದೆಂದರೆ ಬಣ್ಣವೆಲ್ಲ ಇಳಿದು ಆಕಾಶ, ಗೋಡೆ, ಹೆಂಗಸರ ಮುಖ, ಎಲ್ಲವೂ ಗುಲಾಬಿಯಾಗಿದ್ದವು ಎಂದೆ. ಅದು ನಿಜವೆಂದೇ ನಂಬಿದ್ದೆ. ಹಳೆಯ ಬಣ್ಣದ ಪ್ರಿಂಟುಗಳು ಹಾಗೇ ಆಗುತ್ತವೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿದಳು.

“ಸರ್, ಎಲ್ಲಾ ಗುಲಾಬಿ ಆಗಿದ್ರೆ ರಕ್ತ ಹೆಂಗೆ ಕಾಣ್ತು?”

ನಾನು ನಕ್ಕೆ. ಒಳ್ಳೆಯ ಪ್ರಶ್ನೆ ಎಂದೆ. ಪಾಠ ಮುಂದುವರಿಸಿದೆ. ಮನೆಗೆ ಹೋಗುವ ಬಸ್ಸಿನಲ್ಲಿ ಎರಡು ಸಲ ಸೀಟು ಬದಲಿಸಿದೆ. ನನ್ನ ಕಥೆಯಲ್ಲಿ ಪರದೆಯ ಮೇಲೆ ಕೆಂಪು ರಕ್ತ ಚಿಮ್ಮುತ್ತದೆ, ಜನ ಬೆಚ್ಚಿಬೀಳುತ್ತಾರೆ. ಗುಲಾಬಿ ಪ್ರಿಂಟಿನಲ್ಲಿ ಕೆಂಪು ಎಲ್ಲಿಂದ ಬಂತು? ಎರಡರಲ್ಲಿ ಒಂದು ಸುಳ್ಳು. ಯಾವುದೆಂದು ನನಗೇ ಗೊತ್ತಿರಲಿಲ್ಲ.

ಈ ಬರಹ ಆ ಪ್ರಶ್ನೆಯಿಂದ ಹುಟ್ಟಿದ್ದು. ಬಡ್ತಿ, ವರ್ಗಾವಣೆಗಳ ವಿಚಾರ ಇದರಲ್ಲಿಲ್ಲ. ಅವು ಸೇವಾ ಪುಸ್ತಕದಲ್ಲಿವೆ, ಬೇಕಾದವರು ಅಲ್ಲಿ ನೋಡಬಹುದು.

ನಾನು ಓದಿದ್ದು ಪ್ರಾಣಿಶಾಸ್ತ್ರ, ಬೆಂಗಳೂರಿನ ವಿಶ್ವವಿದ್ಯಾಲಯದಲ್ಲಿ. ಹಾಸ್ಟೆಲಿನಲ್ಲಿ ನಾವು ನಾಲ್ಕೈದು ಜನ ಸೇರಿ ಗ್ರಹಣದ ದಿನ ಬೇಕೆಂದೇ ಊಟ ಮಾಡುತ್ತಿದ್ದೆವು. ಪುರಾವೆ ಇಲ್ಲದೆ ಏನನ್ನೂ ಒಪ್ಪುವುದಿಲ್ಲ ಎಂಬುದು ನಮ್ಮ ಜಂಬ. ಬೇರೆಯವರ ನಂಬಿಕೆಗೆ ಪುರಾವೆ ಕೇಳುವುದು ಸುಲಭ. ನಮ್ಮದಕ್ಕೆ ಯಾರು ಕೇಳಬೇಕು ಎಂಬುದನ್ನು ಅಲ್ಲಿ ಯಾರೂ ಹೇಳಿಕೊಡಲಿಲ್ಲ.

ಕೆಲಸ ಸಿಕ್ಕಿದಾಗ ಕೈಗೆ ಬಂದದ್ದು ಒಂದು ಸಣ್ಣ ಪ್ರೊಜೆಕ್ಟರು, ಆರು ರೀಲು, ಒಂದು ಬಿಳಿ ಬಟ್ಟೆ ಮತ್ತು ಸ್ಟಾರ್ಟ್ ಆಗಲು ಇಳಿಜಾರು ಬೇಡುವ ಜೀಪು. ಸಂಜೆ ಹೊತ್ತಿಗೆ ಊರು ಸೇರಬೇಕು, ಶಾಲೆಯ ಗೋಡೆಗೆ ಬಟ್ಟೆ ಕಟ್ಟಬೇಕು, ಕತ್ತಲಾದ ಮೇಲೆ ಸೊಳ್ಳೆ, ಕ್ಷಯ, ಭೇದಿ ತೋರಿಸಬೇಕು. ತೋರಿಸಿ ಬಂದರೆ ಜನ ಬದಲಾದರು ಎಂದು ವರದಿ ಬರೆಯಬೇಕು.

ತೂಬಗೆರೆಯಲ್ಲಿ ಮೊದಲ ಪೆಟ್ಟು ತಿಂದೆ. ಕ್ಷಯದ ರೀಲು ಶುರುವಾಗಿ ಎರಡು ನಿಮಿಷಕ್ಕೆ ಬಲ್ಬು ಸುಟ್ಟುಹೋಯಿತು. ಇನ್ನೊಂದು ಬಲ್ಬು ತಂದಿರಲಿಲ್ಲ. ಜನ ಎದ್ದುಹೋಗುವರೆಂಬ ಗಾಬರಿಯಲ್ಲಿ ನಾನೇ ಮಾತಾಡತೊಡಗಿದೆ. ನಮ್ಮ ಚಿಕ್ಕಪ್ಪನಿಗೆ ಕ್ಷಯವಾಗಿತ್ತು. ಅವನನ್ನು ದನದ ಕೊಟ್ಟಿಗೆಯಲ್ಲಿ ಮಲಗಿಸಿದ್ದನ್ನು, ಮಾತ್ರೆ ಅರ್ಧಕ್ಕೆ ಬಿಟ್ಟದ್ದನ್ನು ಹೇಳಿದೆ. ಯಾರೂ ಏಳಲಿಲ್ಲ. ಹೊರಡುವಾಗ ಒಬ್ಬ ಮುದುಕ ನನ್ನ ಕೈಯಿಂದ ಹಗ್ಗ ತೆಗೆದುಕೊಂಡು ಬಟ್ಟೆ ಮಡಚಿಕೊಟ್ಟ.

“ಚೆನ್ನಾಗ್ ಹೇಳ್ತೀಯ ಕಣಪ್ಪ. ಈ ಬಟ್ಟೆ ಯಾಕೆ ಕಟ್ತೀಯ?”

ಅದನ್ನು ಅವತ್ತೇ ಅರ್ಥ ಮಾಡಿಕೊಳ್ಳಬೇಕಿತ್ತು. ಮಾಡಿಕೊಳ್ಳಲಿಲ್ಲ. ಮಾರನೆಯ ದಿನ ಎರಡು ಬಲ್ಬಿಗೆ ಅರ್ಜಿ ಬರೆದೆ.

ನಮ್ಮ ಮೇಲಿನ ಸಾಹೇಬರನ್ನು ಇಲ್ಲಿ ಹೇಳಬೇಕು. ಕೆಟ್ಟವರಲ್ಲ. ಬಿಳಿ ಶರಟು, ಜೇಬಿನಲ್ಲಿ ಎರಡು ಪೆನ್ನು. ತಿಂಗಳ ಸಭೆಯಲ್ಲಿ ಅವರ ಮುಂದೆ ಒಂದು ನಮೂನೆ ಇರುತ್ತಿತ್ತು. ಅದರ ಕೊನೆಯ ಕಾಲಂ “ಗುರಿ ತಲುಪದಿರಲು ಕಾರಣ”. ಖಾಲಿ ಬಿಟ್ಟರೆ ಅವರಿಗೆ ಆಗುತ್ತಿರಲಿಲ್ಲ. ಸೇರಿದ ಹೊಸತರಲ್ಲಿ ನಾನು “ಜೀಪು ಕೆಟ್ಟಿತ್ತು” ಎಂದು ಬರೆದಿದ್ದೆ. ಪಕ್ಕಕ್ಕೆ ಕರೆದರು.

“ಏನ್ರೀ, ಎಂ.ಎಸ್ಸಿ. ಮಾಡಿದೀರಿ. ಕಾರಣ ಬರೀರಿ, ಆದ್ರೆ ನಮ್ಮದಲ್ಲದ ಕಾರಣ ಬರೀರಿ.”

ಈ ಕೆಲಸಕ್ಕೆ ಬರುವವರು ಈ ಮಾತನ್ನು ನೆನಪಿಟ್ಟುಕೊಳ್ಳಿ. ನಿಮಗೂ ಯಾರಾದರೂ ಹೇಳುತ್ತಾರೆ. ಬೇರೆ ಪದಗಳಲ್ಲಿ, ಕಂಪ್ಯೂಟರಿನಲ್ಲಿ, ಹೆಚ್ಚು ವಿನಯದಿಂದ.

ಈಗ ಆ ಊರು. ಜಡಿಗೇನಹಳ್ಳಿ ಹೋಬಳಿಯದು, ಹೆಸರು ಬೇಡ. ಆ ಸಿನಿಮಾ ಬಂದ ಮಳೆಗಾಲದಲ್ಲಿ ಅಲ್ಲಿ ಜ್ವರ ಎದ್ದಿತ್ತು. ಹದಿನೈದು ದಿನಕ್ಕೊಮ್ಮೆ ಪುಟ್ಟಲಕ್ಷ್ಮಮ್ಮ ಎಂಬ ಆರೋಗ್ಯ ಸಹಾಯಕಿ ಮನೆಮನೆಗೆ ಹೋಗುತ್ತಿದ್ದಳು. ಊರಿನವರಿಗೆ ಅವಳು ನರ್ಸಮ್ಮ. ಜ್ವರ ಬಂದವರ ಬೆರಳಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತವನ್ನು ಗಾಜಿನ ತುಂಡಿನ ಮೇಲೆ ಸವರಿ, ನಾಲ್ಕು ಮಾತ್ರೆ ಕೊಟ್ಟು, ಬಾಗಿಲ ಪಕ್ಕದ ಗೋಡೆಯ ಮೇಲೆ ಬಂದ ತಾರೀಖು ಬರೆದು ಮುಂದಿನ ಮನೆಗೆ ಹೋಗುವುದು ಅವಳ ಕೆಲಸ. ಗಾಜು ಆಸ್ಪತ್ರೆಗೆ ಬರುತ್ತದೆ, ಅಲ್ಲಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ, ಮಲೇರಿಯಾ ಇದ್ದರೆ ಪೂರ್ತಿ ಔಷಧ ಕೊಡುತ್ತಾರೆ. ಕಾಗದದ ಮೇಲೆ ವ್ಯವಸ್ಥೆ ಹೀಗಿತ್ತು.

ಅದೇ ಊರಿನಾಚೆಯ ಬಯಲಿನಲ್ಲಿ ಪಿಳ್ಳಪ್ಪನ ಟೆಂಟು. ಪಿಳ್ಳಪ್ಪ ನಲವತ್ತು ದಾಟಿದ ಗಟ್ಟಿ ಆಳು, ಕೊರಳಲ್ಲಿ ಸದಾ ಟವೆಲು. ಇಂಗ್ಲಿಷ್ ಸಿನಿಮಾ ಹಾಕಿದ ದಿನ ಪ್ರೊಜೆಕ್ಟರಿನ ಪಕ್ಕದಲ್ಲೇ ಕುಳಿತು ಮೈಕಿನಲ್ಲಿ ಕನ್ನಡದಲ್ಲಿ ಕಥೆ ಹೇಳುತ್ತಿದ್ದ. ಇಂಗ್ಲಿಷ್ ಅವನಿಗೂ ಬರುತ್ತಿರಲಿಲ್ಲ. ಇಂಟರ್ವಲ್ಲಿನಲ್ಲಿ ನನ್ನ ಮಲೇರಿಯಾ ರೀಲು ಹಾಕಲು ಅವಕಾಶ ಕೇಳಿದೆ. ಅಷ್ಟು ಜನ ಒಂದೇ ಕಡೆ ಕೂತು ಸಿಗುವುದು ನಮ್ಮ ಕೆಲಸದಲ್ಲಿ ಅಪರೂಪ.

“ಹಾಕಿ ಸಾ. ಒಳ್ಳೇದಕ್ಕೆ ತಾನೆ. ಆದ್ರೆ ಈ ವಾರ ರಕ್ತ ಹೀರೋ ದೆವ್ವದ್ ಪಿಚ್ಚರ್ರು. ಅದೂ ಎರಡನೇ ಭಾಗ. ನಡೀತದಾ?”

ನಡೆಯುತ್ತದೆ ಎಂದೆ. ಯೋಚಿಸಲೇ ಇಲ್ಲ. ರಕ್ತದ ಸಿನಿಮಾದ ನಡುವೆ ರಕ್ತಪರೀಕ್ಷೆಯ ರೀಲು ಹಾಕುವುದು ಒಂದು ಪ್ರಮಾದವೆಂದು ನನ್ನಂಥ ಓದಿದವನಿಗೆ ಹೊಳೆಯಲಿಲ್ಲ.

ಅವತ್ತಿನ ಮೊದಲ ಆಟ ನನಗೆ ಚೆನ್ನಾಗಿ ನೆನಪಿದೆ ಎಂದು ಬರೆಯಲು ಹೊರಟೆ. ನಿಲ್ಲಿಸುತ್ತೇನೆ. ಕಣ್ಣಿನ ನೆನಪನ್ನು ನಾನೀಗ ನಂಬುವುದಿಲ್ಲ. ಕಿವಿಯ ನೆನಪನ್ನು ಸ್ವಲ್ಪ ನಂಬುತ್ತೇನೆ. ಪಿಳ್ಳಪ್ಪ ಮೈಕಿನಲ್ಲಿ ಶುರು ಮಾಡಿದ್ದು ಹೀಗೆ:

“ಈ ಯಪ್ಪ ಒಬ್ಬ ದೊರೆ. ಮೊದಲನೇ ಭಾಗದಲ್ಲಿ ಸತ್ತೋದ. ಅದನ್ನ ನೀವೂ ನೋಡಿಲ್ಲ, ನಾನೂ ನೋಡಿಲ್ಲ. ಸತ್ತ ಅಂತ ಇಟ್ಕಳಿ.”

“ಸತ್ತೋನು ಮತ್ಯಾಕಣ್ಣ ಬಂದ?” ಮುಂದೆ ಮರಳಿನ ಮೇಲೆ ಕೂತವರಲ್ಲಿ ಯಾರೋ ಕೇಳಿದರು.

“ಎರಡನೇ ಭಾಗಕ್ಕೆ ಕಣ್ಲಾ. ಅವನಿಲ್ದೆ ಪಿಚ್ಚರ್ ಹೆಂಗ್ ಮಾಡ್ತಾರೆ?”

ಪಿಳ್ಳಪ್ಪ ಹೇಳುತ್ತ ಹೋದ ಕಥೆ ಇದು: ಪಾಳು ಗಿರಣಿಯ ನೆಲಮಾಳಿಗೆಯಲ್ಲಿ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಒಣ ಎಲುಬು. ದೊರೆಯ ಸೇವಕ ಅಂಗೈ ಕುಯ್ದುಕೊಂಡು ಒಂದು ಹನಿ ಅದರ ಮೇಲೆ ಬೀಳಿಸಿದ. ಎಲುಬಿನಿಂದ ಹೊಗೆ ಎದ್ದಿತು, ಹೊಗೆಯಿಂದ ದೊರೆ ಎದ್ದ. ಆಗ ನನ್ನ ಬೆನ್ನ ಹಿಂದೆ ಒಬ್ಬ ಹೇಳಿದ:

“ನೋಡ್ಲಾ, ಒಂದೇ ಹನಿಗೆ ಎದ್ಬಿಟ್ಟ. ನಮ್ ನರ್ಸಮ್ಮ ಇಡೀ ಊರಿಂದು ತಗೊಂಡೋಗವ್ಳೆ. ಅಲ್ಲಿ ಯಾರನ್ನ ಎಬ್ಬಿಸ್ತಾವ್ಳೋ ಏನೋ.”

“ತಹಸೀಲ್ದಾರ್ನ ಎಬ್ಬಿಸ್ಲಿ ಬುಡು. ಆಫೀಸಲ್ಲಿ ಯಾವಾಗ್ಲೂ ಮಲಗಿರ್ತಾನೆ.”

ಸುತ್ತ ನಗು. ನಾನು ಆ ಮೊದಲ ಮಾತನ್ನು ಕತ್ತಲಲ್ಲೇ ಪಾಕೆಟ್ ಪುಸ್ತಕದಲ್ಲಿ ಗೀಚಿಕೊಂಡೆ. ಎರಡನೇ ಮಾತನ್ನು ಬರೆದುಕೊಳ್ಳಲಿಲ್ಲ.

ಇಂಟರ್ವಲ್ಲಿನಲ್ಲಿ ನನ್ನ ರೀಲು. ಪರದೆಯ ತುಂಬ ಒಂದು ಬೆರಳು, ಒಂದು ಸೂಜಿ, ಒಂದು ಹನಿ. ಅಷ್ಟರಲ್ಲಿ ಬೆಂಚಿನ ಕಡೆಯಿಂದ ಒಂದು ಧ್ವನಿ:

“ಮೂರನೇ ಭಾಗ ಶುರುವಾಯ್ತು ಗುರು.”

ಇಡೀ ಟೆಂಟು ಬಿದ್ದುಬಿದ್ದು ನಕ್ಕಿತು. ನಾನೂ ನಕ್ಕೆನೇ? ನಗದಿದ್ದರೆ ನಾನು ಮರ. ಬಹುಶಃ ನಕ್ಕೆ. ಕೊನೆಯಲ್ಲಿ ದೊರೆ ಗಿರಣಿಯ ಚಕ್ರಕ್ಕೆ ಸಿಕ್ಕಿ ಸತ್ತ. ಹೆಂಗಸರು ನಿದ್ದೆ ಹೋದ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ಮಾತಾಡುತ್ತ ಮನೆಗೆ ನಡೆದರು.

ಆ ತಿಂಗಳ ಕೊನೆಗೆ ಪುಟ್ಟಲಕ್ಷ್ಮಮ್ಮನ ರಿಜಿಸ್ಟರಿನಲ್ಲಿ ಆ ಊರಿನ ಸಾಲು ಬರಿದಾಗಿತ್ತು. ಜ್ವರ ಇದೆ, ಬೆರಳು ಇಲ್ಲ. ಸಭೆಯಲ್ಲಿ ಸಾಹೇಬರು ಕನ್ನಡಕದ ಮೇಲಿಂದ ನೋಡಿದರು. “ಕಾರಣ?”

ನಾನು ಟೆಂಟಿನ ಮಾತು ಹೇಳಿದೆ. ಸಾಹೇಬರು ನಕ್ಕರು. ಅವರು ನಕ್ಕದ್ದನ್ನು ಅದುವರೆಗೆ ನಾವು ಯಾರೂ ನೋಡಿರಲಿಲ್ಲ. “ಬರೀರಿ ಅದನ್ನ. ಚೆನ್ನಾಗಿ ಬರೀರಿ.”

ಚೆನ್ನಾಗಿಯೇ ಬರೆದೆ, ಎರಡು ಪುಟ. ಪರದೆಯ ಮೇಲಿನ ರಕ್ತದ ದೃಶ್ಯಗಳು ಗ್ರಾಮಸ್ಥರಲ್ಲಿ ಭೀತಿ ಹುಟ್ಟಿಸಿವೆ, ತಮ್ಮ ರಕ್ತವನ್ನು ಸತ್ತವರನ್ನು ಎಬ್ಬಿಸಲು ಬಳಸುತ್ತಾರೆಂದು ಅವರು ನಂಬಿದ್ದಾರೆ, ಇಂಥ ಪ್ರದರ್ಶನಗಳನ್ನು ತಡೆಯುವುದು ಸೂಕ್ತ. ಪಾಕೆಟ್ ಪುಸ್ತಕದ ಮಾತು ಉಲ್ಲೇಖವಾಗಿ ಕೂತಿತು. ನಗೆಮಾತು ಕಾಗದಕ್ಕೆ ಬಂದಾಗ ನಗು ಉದುರಿಹೋಗಿ ನಂಬಿಕೆ ಮಾತ್ರ ಉಳಿದಿತ್ತು. ನನ್ನ ಕಥೆಯ ಕೆಂಪು ರಕ್ತವೂ ಬಹುಶಃ ಆ ಪುಟಗಳಿಂದಲೇ ಬಂದದ್ದು. ಇಂಟರ್ವಲ್ಲಿನ ನನ್ನ ರೀಲಿನ ಪ್ರಸ್ತಾಪ ಆ ಎರಡು ಪುಟದಲ್ಲಿ ಎಲ್ಲೂ ಇರಲಿಲ್ಲ.

ವರದಿ ಮೇಲೆ ಹೋಯಿತು, ಅಲ್ಲಿಂದ ಅದರ ಪ್ರತಿ ತಾಲ್ಲೂಕು ಕಚೇರಿಗೆ ಬಂತು. ಪಿಳ್ಳಪ್ಪನ ಲೈಸೆನ್ಸು ಆಗ ನವೀಕರಣಕ್ಕೆ ಹೋಗಿತ್ತು. ತಡೆಹಿಡಿದರು.

ಪಿಳ್ಳಪ್ಪ ನಮ್ಮ ಕಚೇರಿಗೆ ಬಂದ. ಕೊರಳ ಟವೆಲು ಕೈಗೆ ಬಂದಿತ್ತು.

“ಸಾ, ನನ್ ಟೆಂಟಿಂದ ಜನ ಹೆದರಿಕೊಂಡವ್ರೆ ಅಂತ ಯಾರೋ ಬರೆದವ್ರಂತೆ. ನೀವೇ ಇದ್ರಲ್ಲ ಅವತ್ತು. ಯಾರ್ ಹೆದರಿದ್ರು? ಒಂದ್ ಮಾತು ತಹಸೀಲ್ದಾರ್ರಿಗೆ ಬರ್ಕೊಡಿ. ನೀವು ಬರೆದ್ರೆ ಕೇಳ್ತಾರೆ.”

ಬರೆದವನು ನಾನೇ ಎಂದು ಹೇಳಲಿಲ್ಲ. “ವಿಚಾರಣೆ ನಡೀತಿದೆ, ನೋಡೋಣ” ಎಂದೆ. ಅವನು ಮೂರು ಸಲ ಬಂದ. ಮೂರನೇ ಸಲ ನಾನು ಒಳಗಿದ್ದೂ ಇಲ್ಲ ಎಂದು ಹೇಳಿಸಿದೆ. ದಸರಾ ಹೊತ್ತಿಗೆ ಟೆಂಟು ಬಿಚ್ಚಿದರು. ಕಂಬ ನೆಟ್ಟಿದ್ದ ಗುಳಿಗಳು ಬಯಲಿನಲ್ಲಿ ಬಹಳ ದಿನ ಹಾಗೇ ಇದ್ದವು.

ಇಲ್ಲಿಗೆ ನನ್ನ ಹಳೆಯ ಕಥೆ ಮುಗಿಯುತ್ತಿತ್ತು. ಲೈಸೆನ್ಸಿನ ಭಾಗವನ್ನು ಶಾಲು ಹೊದ್ದಾಗ ಹೇಳುತ್ತಿರಲಿಲ್ಲ.

ವಿಜ್ಞಾನ ಓದಿದವನು ಒಂದು ಸಣ್ಣ ಸಂಗತಿ ಗಮನಿಸಬೇಕಿತ್ತು. ಟೆಂಟು ಹೋದ ಮೇಲೂ ಆ ಊರಿನಿಂದ ಬೆರಳು ಬರಲಿಲ್ಲ. ಕಾರಣ ತೆಗೆದರೂ ಪರಿಣಾಮ ಉಳಿದರೆ ಅದು ಕಾರಣವಲ್ಲ. ಮೊದಲ ವರ್ಷದ ವಿದ್ಯಾರ್ಥಿಗೂ ಇದು ಗೊತ್ತು. ನನಗೂ ಗೊತ್ತಿತ್ತು. ಆದರೆ ಮುಂದಿನ ತಿಂಗಳುಗಳ ಕಾಲಮ್ಮಿನಲ್ಲಿ “ಮೇಲಿನಂತೆ” ಎಂದು ಬರೆಯುತ್ತ ಹೋದೆ.

ಆಮೇಲೆ ಪ್ರೊಜೆಕ್ಟರು ಹೋಗಿ ವಿಡಿಯೋ ಬಂತು. ಮನೆಮನೆಗೆ ಟಿ.ವಿ. ಬಂದ ಮೇಲೆ ನಮ್ಮ ವಿಡಿಯೋ ಯಾರಿಗೂ ಬೇಡವಾಯಿತು. ಜಾಥಾ ಮಾಡಿದೆವು, ಗೋಡೆ ಬರಹ ಬರೆಸಿದೆವು, ಕರಪತ್ರ ಹಂಚಿದೆವು. ಸಂತೆಯಲ್ಲಿ ಅವುಗಳಲ್ಲಿ ಕಡಲೆಕಾಯಿ ಕಟ್ಟಿಕೊಡುತ್ತಿದ್ದರು. ಸಾಧನ ಪ್ರತಿ ನಾಲ್ಕೈದು ವರ್ಷಕ್ಕೆ ಬದಲಾಯಿತು. ಕೊನೆಯ ಕಾಲಂ ಬದಲಾಗಲಿಲ್ಲ.

ಗುಲಾಬಿಯ ಪ್ರಶ್ನೆ ಕೇಳಿದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಹಳೆಯ ಟ್ರಂಕು ತೆಗೆದೆ. ಆ ವರ್ಷದ ಪಾಕೆಟ್ ಪುಸ್ತಕ ಇರಲಿಲ್ಲ. ಹಿಂದಿನದಿದೆ, ಮುಂದಿನದಿದೆ. ನಾನೇ ಎಸೆದೆನೋ, ಮನೆ ಬದಲಿಸುವಾಗ ಹೋಯಿತೋ ಹೇಳಲಾರೆ. ಹೊಸಕೋಟೆಯ ಬಸ್ಸು ಹತ್ತಿ ಪುಟ್ಟಲಕ್ಷ್ಮಮ್ಮನ ಮನೆ ಹುಡುಕಿಕೊಂಡು ಹೋದೆ. ಅವಳೂ ನಿವೃತ್ತಳು, ಮಂಡಿ ನೋವು, ಮಾತು ಮಾತ್ರ ಮೊದಲಿನಷ್ಟೇ ಚುರುಕು.

“ಆ ಊರಿನವರು ಬೆರಳು ಕೊಡೋದು ಯಾಕೆ ನಿಲ್ಲಿಸಿದ್ರು?” ಎಂದು ಕೇಳಿದೆ.

“ಅಯ್ಯೋ ಸಾರ್, ಇವಾಗ ಕೇಳ್ತಿದೀರಾ?” ಎಂದು ನಕ್ಕಳು. “ಮೂರ್ ಮೂರ್ ಸಲ ಚುಚ್ಚಿದೀನಿ ಆ ಜನಕ್ಕೆ. ಒಬ್ಬರಿಗಾದ್ರೂ ಏನ್ ಬಂತು ಅಂತ ಹೇಳಿದೀವಾ? ‘ನರ್ಸಮ್ಮ, ಹೋದ್ಸಲದ್ದು ಏನಾಯ್ತು?’ ಅಂತ ಕೇಳೋರು. ನಾನೇನ್ ಹೇಳ್ಲಿ? ಗಾಜೆಲ್ಲ ನಮ್ಮ ಆಸ್ಪತ್ರೆ ಬೀರು ಮೇಲೆ ಡಬ್ಬಿನಾಗೆ ಬಿದ್ದಿದ್ವು. ನೋಡೋಕೆ ಜನ ಇರ್ಲಿಲ್ಲ. ಒಂದಿನ ಡಬ್ಬಿ ಇಳಿಸ್ತೀನಿ, ಇರುವೆ ಸಾಲು. ರಕ್ತವೆಲ್ಲ ನೆಕ್ಕೊಂಡೋಗಿ ಗಾಜು ತೊಳೆದಿಟ್ಟಂಗಿತ್ತು.”

“ದೆವ್ವದ ಸಿನಿಮಾ?”

“ದೆವ್ವ ನಿಮ್ಮದು ಸಾರ್. ಅವರು ತಮಾಷೆ ಮಾಡೋರು. ನನ್ನ ಮುಂದೇನೇ ಮಾಡೋರು. ಹೊಸ ಲ್ಯಾಬ್‌ನವರು ಬಂದು ನಾಲ್ಕು ದಿನಕ್ಕೆ ರಿಸಲ್ಟ್ ಕೊಡೋಕೆ ಶುರು ಮಾಡಿದ್ಮೇಲೆ ಆ ಊರಿನೋರೇ ಕರೆದು ಬೆರಳು ಕೊಟ್ರು.” ಆಮೇಲೆ ಸೇರಿಸಿದಳು: “ಇರುವೆ ವಿಷ್ಯ ನಿಮಗೆ ಹೇಳಿದ್ದೆನಲ್ಲ. ಜೀಪಿನ ಹತ್ರ. ಆ ಸಭೆಗೆ ಮುಂಚೆ.”

“ನಾನೇನಂದೆ?”

“‘ನೋಡೋಣ’ ಅಂದ್ರಿ.”

ನನಗೆ ನೆನಪಿಲ್ಲ. ಜೀಪು ನೆನಪಿದೆ, ಅದರ ಹರಿದ ಟಾರ್ಪಾಲು ನೆನಪಿದೆ. ಅದರ ಪಕ್ಕ ಅವಳು ನಿಂತದ್ದು ನೆನಪಿಲ್ಲ. ಅವಳ ನೆನಪೂ ತಪ್ಪಿರಬಹುದು ಎಂದು ಬಸ್ಸಿನಲ್ಲಿ ನನಗೆ ನಾನೇ ವಾದಿಸಿದೆ. ಆದರೆ “ನೋಡೋಣ” ನನ್ನ ಮಾತು. ಪಿಳ್ಳಪ್ಪನಿಗೂ ಅದನ್ನೇ ಹೇಳಿದ್ದೆ.

ಪಿಳ್ಳಪ್ಪ ಜಡಿಗೇನಹಳ್ಳಿಯಲ್ಲಿದ್ದಾನೆ ಎಂದೂ ಅವಳೇ ಹೇಳಿದ್ದಳು. ಮುಂದಿನ ವಾರ ಹೋದೆ. ಟೆಂಟು ಬಿಚ್ಚಿದ ಮೇಲೆ ಅದೇ ಬಟ್ಟೆಯನ್ನು ಮದುವೆಗಳಿಗೆ ಶಾಮಿಯಾನವಾಗಿ ಕೊಡುತ್ತಿದ್ದನಂತೆ. ಈಗ ಅದರ ಕೊನೆಯ ತುಂಡು ಮನೆಯ ಮುಂದೆ ಹುಲ್ಲಿನ ಮೆದೆಗೆ ಹೊದಿಕೆ. ಪಿಳ್ಳಪ್ಪನ ಒಂದು ಕಣ್ಣು ಮಂಜಾಗಿತ್ತು. ಹೆಂಡತಿ ನಾರಾಯಣಮ್ಮ ಕಾಫಿ ತಂದಳು. ನಾನು ಕುಡಿಯುವ ಮೊದಲೇ ಹೇಳಿಬಿಟ್ಟೆ. ಅವತ್ತು ವರದಿ ಬರೆದವನು ನಾನು.

ಪಿಳ್ಳಪ್ಪ ತಲೆ ಆಡಿಸಿದ. “ಗೊತ್ತು ಸಾ. ತಾಲ್ಲೂಕಾಫೀಸ್ ಗುಮಾಸ್ತ ಅವಾಗ್ಲೇ ತೋರ್ಸಿದ್ದ. ಕೆಳಗೆ ನಿಮ್ ಸೈನು.”

“ಗೊತ್ತಿದ್ದೂ ನನ್ನ ಹತ್ರಾನೇ ಬಂದ್ರಾ?”

“ಬರೆದೋರೇ ತಾನೆ ಅಳಿಸ್ಬೇಕು? ಬೇರೆಯೋರ ಹತ್ರ ಹೋಗಿ ಏನ್ ಮಾಡ್ಲಿ.”

ಕ್ಷಮೆ ಕೇಳಿದೆ. ಅವನು ಅದರ ಕಡೆ ಗಮನ ಕೊಡಲಿಲ್ಲ. ಒಳಗಿನಿಂದ ಬಿಳಿ ಹಾಳೆ ತರಿಸಿದ.

“ಅವತ್ತು ಕೇಳಿದ್ನಲ್ಲ, ಒಂದ್ ಮಾತು ಬರ್ಕೊಡಿ ಅಂತ. ಇವಾಗ ಬರ್ಕೊಡಿ.”

“ಯಾರಿಗೆ? ಆ ತಹಸೀಲ್ದಾರ್ರು ಇಲ್ಲ, ಟೆಂಟೂ ಇಲ್ಲ.”

“ತಹಸೀಲ್ದಾರ್ರಿಗೇ ಬರೀರಿ. ಹೆಸರು ಬ್ಯಾಡ.”

ಬರೆದೆ. ಸದರಿ ಗ್ರಾಮದಲ್ಲಿ ರಕ್ತಪರೀಕ್ಷೆ ನಿಂತದ್ದಕ್ಕೆ ಟೆಂಟಾಗಲಿ ಅಲ್ಲಿ ತೋರಿಸಿದ ಸಿನಿಮಾವಾಗಲಿ ಕಾರಣವಲ್ಲ, ಫಲಿತಾಂಶ ತಿಳಿಸದ ನಮ್ಮ ಇಲಾಖೆಯ ಲೋಪವೇ ಕಾರಣ, ಜನ ಹೆದರಿರಲಿಲ್ಲ, ನಗುತ್ತಿದ್ದರು. ನಾರಾಯಣಮ್ಮ ಏಳನೇ ಕ್ಲಾಸು ಓದಿದವಳು. ಹಾಳೆಯನ್ನು ಬೆಳಕಿಗೆ ಹಿಡಿದು ಗಟ್ಟಿಯಾಗಿ ಓದಿದಳು. ಮೊದಲ ಸಾಲು “ನನ್ನ ನೆನಪಿನ ಪ್ರಕಾರ” ಎಂದು ಶುರುವಾಗಿತ್ತು.

“ಅದೇನದು?” ಎಂದ ಪಿಳ್ಳಪ್ಪ.

“ಬಹಳ ಹಳೇ ಮಾತಲ್ವಾ, ನೆನಪು ತಪ್ಪಿರಬಹುದು, ಅದಕ್ಕೆ.” ಪ್ರಾಮಾಣಿಕನಾದವನು ಹಾಗೇ ಬರೆಯಬೇಕು ಎಂದೂ ಸೇರಿಸಿದೆ. ಅವನು ಟವೆಲಿನಿಂದ ಮಂಜುಗಣ್ಣು ಒರೆಸಿಕೊಂಡ.

“ಅವತ್ತು ಬರೆದ್ರಲ್ಲ ಎರಡು ಪುಟ. ಅದ್ರಲ್ಲಿ ಈ ಮಾತಿತ್ತಾ?”

“ಇರಲಿಲ್ಲ.”

“ಹಂಗಾದ್ರೆ ಇದ್ರಲ್ಲೂ ಬ್ಯಾಡ.”

ಪೆನ್ನು ತೆಗೆದು ಆ ಮೂರು ಪದಗಳ ಮೇಲೆ ಗೆರೆ ಎಳೆದೆ. ಅವನು ಹಾಳೆಯನ್ನು ನನ್ನ ಕಡೆಗೇ ತಳ್ಳಿದ. “ಕಾಟು ಹಾಕಿದ್ ಕಾಗದ ಆಫೀಸಲ್ಲಿ ನಡೆಯಲ್ಲ ಸಾ. ಇನ್ನೊಂದು ಹಾಳೆ ತಗಳಿ.”

ಮೊದಲಿನಿಂದ ಬರೆದೆ. ಸಹಿ ಹಾಕಿ, ಕೆಳಗೆ ಅವತ್ತಿನ ಹುದ್ದೆ ಬರೆದು, ಪಕ್ಕದಲ್ಲಿ ನಿವೃತ್ತ ಎಂದು ಸೇರಿಸಿದೆ. ಪಿಳ್ಳಪ್ಪ ಅದನ್ನು ಮತ್ತೊಮ್ಮೆ ಓದಿಸಿ ಕೇಳಿದ. ಆಮೇಲೆ ಗೋಡೆಯ ಮೊಳೆಯಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದ. ಒಳಗೆ ಅವನ ಹಳೆಯ ಲೈಸೆನ್ಸು, ಮಡಿಕೆಗಳಲ್ಲಿ ಹರಿದದ್ದು. ನನ್ನ ಹಾಳೆಯನ್ನು ಅದರ ಮೇಲಿಟ್ಟು, ಚೀಲದ ಬಾಯಿಗೆ ರಬ್ಬರು ಹಾಕಿ, ಮತ್ತೆ ಅದೇ ಮೊಳೆಗೆ ತಗುಲಿಸಿದ.

“ಕಾಫಿ ಆರೋಯ್ತು. ಬಿಸಿ ಮಾಡಿಸ್ಲಾ?” ಎಂದ.